ಎರಡು ಸಲ ಕಚ್ಚಬೇಕು

ಸಂಜೆ ಆರಕ್ಕೆ ಒಂಡಿಟಿ ಪ್ಯಾಂಟನ್ನು ಮೊಣಕಾಲ ತನಕ ಮಡಚುತ್ತಾನೆ,
ಸ್ಟೂಲು ಎಳೆದು ಗೋಡೆಗೆ ಬೆನ್ನು ಕೊಡುತ್ತಾನೆ.
ಎದುರಿಗೆ ವಿಕ್ಟೋರಿಯಾ ಸರೋವರ ಕಪ್ಪಾಗುತ್ತದೆ.
ಕೈಯಲ್ಲಿ ಟಾರ್ಚು, ಬಾಯಲ್ಲಿ ರಬ್ಬರು ಕೊಳವೆ,
ಗಂಟೆಗೊಂದು ಕಾಗದದ ಲೋಟ.
ಕಾಲ ಮೇಲೆ ಕೂತದ್ದನ್ನು ಅದು ಕಚ್ಚುವ ಮೊದಲೇ
ಉಸಿರೆಳೆದು ಹಿಡಿಯಬೇಕು. ಅದಕ್ಕೇ ಸಂಬಳ.
ಬೆಳಿಗ್ಗೆ ಲೋಟಗಳು ನನ್ನ ಮೇಜಿಗೆ ಬರುತ್ತವೆ:
ಏಳರಿಂದ ಎಂಟು, ಮೂರು.
ಹನ್ನೊಂದರಿಂದ ಹನ್ನೆರಡು, ಹದಿನಾಲ್ಕು.
ಎರಡರಿಂದ ಮೂರು, ಖಾಲಿ.
"ನಿದ್ದೆ ಬಂತು" ಅಂದ.

ಅವನ ಎರಡು ಕಾಲಿಗೆ ನನ್ನ ಸಮೀಕರಣದಲ್ಲಿ ಒಂದೇ ಅಕ್ಷರ,
ಆ ಅಕ್ಷರದ ಹೆಗಲ ಮೇಲೆ ಒಂದು ಪುಟ್ಟ ಎರಡು.
ಕಿಸುಮುವಿನ ಕ್ಲಾಸಿನಲ್ಲಿ ಹುಡುಗರು ಕೇಳುತ್ತಾರೆ:
ವರ್ಗ ಯಾಕೆ ಮೇಡಂ?
ಯಾಕೆಂದರೆ ಸೊಳ್ಳೆ ಎರಡು ಸಲ ಕಚ್ಚಬೇಕು.
ಒಮ್ಮೆ ಇಸಕೊಳ್ಳಲು, ಒಮ್ಮೆ ಕೊಡಲು.
ನಡುವೆ ಹತ್ತು ದಿನ ಬದುಕಿರಬೇಕು, ಹತ್ತು ದಿನ!
ಹಲ್ಲಿ, ಜೇಡ, ಗಾಳಿ, ಹೊಗೆ, ಅಂಗೈ,
ಎಲ್ಲದರಿಂದ ತಪ್ಪಿಸಿಕೊಂಡು.
ನೂರರಲ್ಲಿ ಹತ್ತಕ್ಕೂ ಆ ಆಯುಸ್ಸು ಕಷ್ಟ.
ಇಡೀ ದ್ವೀಪ ಚಳಿಜ್ವರದಲ್ಲಿ ನಡುಗುವುದು
ಬದುಕಿ ಉಳಿದ ನಾಲ್ಕು ಮುದಿ ಸೊಳ್ಳೆಗಳಿಂದ.
ಕ್ಲಾಸು ನಗುತ್ತದೆ. ನಾನೂ.

ಎಲ್ಲವನ್ನೂ ಕೊಲ್ಲಬೇಕಿಲ್ಲ, ಅದೇ ಈ ಲೆಕ್ಕದ ಸೊಗಸು.
ಆಯುಸ್ಸಿನ ತುದಿ ಒಂದಿಷ್ಟು ಕತ್ತರಿಸಿದರೆ ಸಾಕು,
ಗಿರಾಕಿ ಇಲ್ಲದ ಅಂಗಡಿಯ ಹಾಗೆ
ಜ್ವರ ತಾನೇ ಬಾಗಿಲು ಹಾಕುತ್ತದೆ.
ಮನೆಗೆ ಎರಡು ಸೊಳ್ಳೆಪರದೆ ಹಂಚಿದೆವು.
ಅದರಡಿ ಮಲಗುವವರು ನೂರಕ್ಕೆ ಎಂಬತ್ತು ಎಂದು ಹಾಕಿದೆ.
ಕಂಪ್ಯೂಟರಿನ ಪರದೆಯ ಮೇಲೆ ಗೆರೆ
ಜಾರುಬಂಡೆಯಲ್ಲಿ ಕೂತ ಮಗುವಿನಂತೆ ಇಳಿಯಿತು,
ಮಾರ್ಚಿಗೆ ಸೊನ್ನೆ ಅಂದಿತು.

ಮಾರ್ಚಿನಲ್ಲಿ ಆಸ್ಪತ್ರೆಯ ಬೆಂಚು ತುಂಬಿತ್ತು.
ಬೆರಳಿಗೊಂದು ಹನಿ ರಕ್ತ, ಪಟ್ಟಿಯ ಮೇಲೆ ಎರಡು ಗೆರೆ.
ಮುಂದಿನವರು. ಎರಡು ಗೆರೆ.
ಮುಂದಿನವರು.

ದಡಕ್ಕೆ ಹೋದೆ.
ಅಮೋಲೊ ಕೂತಿದ್ದಳು, ಮುಂದೆ ಹರಡಿದ ಒಮೇನ,
ಬೆರಳುದ್ದದ ಬೆಳ್ಳಿ ಮೀನು, ಸಾವಿರ ಸಾವಿರ,
ಅಡಿಯಲ್ಲಿ ನಾವು ಕೊಟ್ಟ ನೀಲಿ ಪರದೆ.
"ಮರಳಲ್ಲಿ ಒಣಗಿಸಿದರೆ ಹಲ್ಲಲ್ಲಿ ಕರಕರ, ಅರ್ಧ ಬೆಲೆ.
ಇದು ಬಹಳ ಒಳ್ಳೆಯ ಪರದೆ" ಅಂದಳು,
"ಇನ್ನೆರಡು ಇದೆಯಾ?"

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ನನ್ನ ಪರದೆ ತಿರುಗುಮುರುಗು:
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಮಗಳು
ಹೊಸ ಶಾಲೆಯಂಗಿಯ ತೋಳು ಮೇಲೇರಿಸಿ
ಮೀನು ಮಗುಚತೊಡಗಿದಳು.
ಆ ಅಂಗಿಯೂ ಪರದೆಯಿಂದಲೇ ಬಂದದ್ದು,
ಒಂದು ಸುತ್ತು ಬಳಸಿ.
ಆ ಸುತ್ತಿಗೆ ನನ್ನ ಬಳಿ ಅಕ್ಷರವಿರಲಿಲ್ಲ.

ರಾತ್ರಿ ಹೊಸ ಪದವೊಂದನ್ನು ಸೇರಿಸಿದೆ:
ಮೀನು ಸಿಕ್ಕಷ್ಟೂ ಮಂಚದಿಂದ ದಡಕ್ಕಿಳಿಯುವ ಪರದೆಗಳು.
ಗೆರೆ ಈಗ ಸೊನ್ನೆ ಮುಟ್ಟುವುದಿಲ್ಲ.
ತುಸು ಇಳಿದು, ಅನುಮಾನಿಸಿ, ತಿಂಗಳಿಗೊಮ್ಮೆ ತಲೆಯೆತ್ತುತ್ತದೆ,
ಚಂದ್ರನಿಲ್ಲದ ರಾತ್ರಿಗಳಲ್ಲಿ
ದೋಣಿಗಳು ದೀಪ ಹಚ್ಚಿ ಒಮೇನಕ್ಕೆ ಹೋಗುವಾಗ.
ಚಂದದ ಗೆರೆಯಲ್ಲ. ಆಸ್ಪತ್ರೆಯ ರಿಜಿಸ್ಟರಿಗೆ ಹೋಲುತ್ತದೆ.

ವರದಿಯಲ್ಲಿ ಮನೆಗೆ ಮೂರು ಪರದೆ ಕೇಳಿದೆ,
ಮೂರನೆಯದು ಮೀನಿಗೆ.
ನೈರೋಬಿಯಿಂದ ಉತ್ತರ ಬಂತು:
ಬೆರಳಚ್ಚಿನ ತಪ್ಪೆಂದು ತಿಳಿದು ಕೊನೆಯ ಸಾಲು ತೆಗೆಯಲಾಗಿದೆ.

ಆರು ಗಂಟೆ. ಒಂಡಿಟಿ ಪ್ಯಾಂಟು ಮಡಚುತ್ತಿದ್ದಾನೆ.
ನಿನ್ನೆಯ ಖಾಲಿ ಲೋಟಕ್ಕೆ ಸೊನ್ನೆ ಬರೆಯಲು
ನನಗಿನ್ನೂ ಕೈ ಬಂದಿಲ್ಲ.
ಅವನು ಟಾರ್ಚು ಕಾಲಿಗೆ ಹಿಡಿದು, ಕೆರೆದುಕೊಳ್ಳುತ್ತಾ,
ಒಂದೊಂದೇ ದದ್ದು ಎಣಿಸಿ ಹೇಳುತ್ತಾನೆ:
ಒಂಬತ್ತು.