ಅಡಿಟಿಪ್ಪಣಿ

ಘಾನಾ ದೇಶದ ಹೋ ಪಟ್ಟಣದಲ್ಲಿ
ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮಹಡಿ ಮೇಲೆ
ಶನಿವಾರ ಸೇರುತ್ತೇವೆ ನಾವು ಐದು ಜನ.
ಎರಡು ಲ್ಯಾಪ್‌ಟಾಪು, ಒಂದರಲ್ಲಿ 'ಇ' ಕೀಲಿ ಉದುರಿದೆ.
ಪೊಟ್ಟಣದ ನೀರು, ಕೆಂಕೆ, ಖಾರದ ಮೀನು,
ಕಿಟಕಿಯ ಸರಳಿಗೆ ಹರ್ಮಟಾನ್ ಗಾಳಿಯ ಬಿಳಿ ಧೂಳು.

ಸಂಬಳವಿಲ್ಲ. ಕೇಳಿದವರಿಗೆ ವೊರ್ಲಾನ್ಯೊ ಹೇಳುತ್ತಾನೆ:
"ನಾವೂ ರಿಪೇರಿಯವರೇ. ಅಣೆಕಟ್ಟು."

ಆಕೊಸೊಂಬೊ. ವಿಶ್ವಕೋಶದ ಪುಟ ತೆರೆದರೆ
ಎತ್ತರ ಇತ್ತು, ಉದ್ದ ಇತ್ತು, ಎಷ್ಟು ಮೆಗಾವ್ಯಾಟು,
ಯಾರು ಸಾಲ ಕೊಟ್ಟರು, ಯಾರು ಗುಂಡಿ ಒತ್ತಿದರು.
ಎಂಬತ್ತು ಸಾವಿರ ಜನ ಒಂದೇ ವಾಕ್ಯದೊಳಗೆ
ಒಬ್ಬರ ತೊಡೆ ಮೇಲೊಬ್ಬರು ಕೂತಿದ್ದರು.
ವಾಕ್ಯಕ್ಕೆ ಕರ್ತೃ ಇರಲಿಲ್ಲ:
"ಸ್ಥಳಾಂತರಿಸಲಾಯಿತು."
ಮೊದಲ ದಿನ ನಾನು ಮಾಡಿದ್ದು ಅಷ್ಟೇ,
ಆ 'ಲಾಯಿತು' ಕಿತ್ತು, ಯಾರು ಎಂದು ಬರೆದೆ.
ಮೂರು ತಾಸು ಹಿಡಿಯಿತು.

ಆಮೇಲೊಂದು ಶನಿವಾರ ಸೆಫಾಕೊರ್
ಅಜ್ಜಿಯನ್ನು ಕರೆತಂದಳು. ಅಬ್ಲಾವಿ ಅಜ್ಜಿ.
ಮಂಡಿ ಹಿಡಿದು ಹದಿನೆಂಟು ಮೆಟ್ಟಿಲು ಹತ್ತಿ
ಕುರ್ಚಿ ಬೇಡವೆಂದು ನೆಲದಲ್ಲೇ ಕೂತಳು.

"ನೆರೆಯ ಹಾಗೆ ಬರಲಿಲ್ಲ ಅದು, ಮಗೂ.
ನೆಂಟರ ಹಾಗೆ ಬಂತು.
ಮೊದಲು ಅಂಗಳಕ್ಕೆ, ಆಮೇಲೆ ಒಲೆಯ ತನಕ.
ಸಂಜೆ ನೀರಿನಂಚಿಗೆ ಅಪ್ಪ ಒಂದು ಕಡ್ಡಿ ನೆಡುತ್ತಿದ್ದ.
ಬೆಳಗ್ಗೆ ಕಡ್ಡಿ ಇರುತ್ತಿರಲಿಲ್ಲ.
ಇನ್ನೊಂದು ನೆಡುತ್ತಿದ್ದ.
ನಮ್ಮ ಡೆಟಿಮೆಯಲ್ಲಿ ಕಡ್ಡಿಗೇನು ಬರ?
ಈಗಲೂ ನನ್ನ ಅಣ್ಣನ ಮಕ್ಕಳ ಬಲೆ ಸಿಕ್ಕಿಕೊಳ್ಳುತ್ತದೆ ಅಲ್ಲಿ,
ನಮ್ಮದೇ ಮರಗಳಿಗೆ."

ವೊರ್ಲಾನ್ಯೊ ತಲೆ ಕೆರೆದುಕೊಂಡ.
"ಅಜ್ಜೀ, ಇದು ಯಾವ ಪುಸ್ತಕದಲ್ಲಿದೆ?"
ನಿಯಮ ಅದು. ಬಾಯಿ ಆಧಾರವಲ್ಲ,
ಅಚ್ಚಾಗಿರಬೇಕು, ಪುಟಸಂಖ್ಯೆ ಇರಬೇಕು.
ಅಜ್ಜಿ ನಕ್ಕಳು, ಹಲ್ಲಿಲ್ಲದ ಕಡೆಯಿಂದಲೂ:
"ನೀರು ಬರುವಾಗ ರಸೀತಿ ತಂದಿತ್ತೇನು?"

ಅಷ್ಟರಲ್ಲಿ ಕರೆಂಟು ಹೋಯಿತು.
ದುಮ್‌ಸೊರ್ ಎನ್ನುತ್ತೇವೆ ಇದಕ್ಕೆ. ಆರು, ಹತ್ತು; ಆರು, ಹತ್ತು.
ಪುಟದಲ್ಲಿದ್ದ ಮೆಗಾವ್ಯಾಟುಗಳೆಲ್ಲ
ಎಲ್ಲಿಗೋ ಊಟಕ್ಕೆ ಹೋಗಿದ್ದವು.
ಕತ್ತಲಲ್ಲಿ ಅಜ್ಜಿ, ಹೊಳೆ ಹರಿದ ಕ್ರಮದಲ್ಲೇ,
ಊರುಗಳ ಹೆಸರು ಹೇಳುತ್ತ ಇಳಿದಳು.
ಬ್ಯಾಟರಿ ಸಾಯುವ ತನಕ ಕುಟ್ಟಿದೆವು,
'ಇ' ಬಂದಲ್ಲೆಲ್ಲ ಜಾಗ ಬಿಟ್ಟು.

ಸೋಮವಾರ ಬೆಳಗ್ಗೆ ಎಲ್ಲ ಅಳಿಸಿತ್ತು.
ಯಾವುದೋ ದೇಶದ ಯಾರೋ ಸಜ್ಜನ:
"ಆಧಾರವಿಲ್ಲ. ಕ್ಷಮಿಸಿ."
ಬೈಯಲೂ ಆಗದಷ್ಟು ಮರ್ಯಾದಸ್ಥ.
ಊರು ಎರಡನೇ ಸಲ ಮುಳುಗಿತು, ಎಂದಳು ಸೆಫಾಕೊರ್.
ದೊಡ್ಡ ಮಾತು ಬೇಡ, ಎಂದೆ.
ರೇಗಿದಳು. ಎರಡು ವಾರ ಬರಲಿಲ್ಲ.

ನಾನು ಅಕ್ರಾ ಬಸ್ಸು ಹತ್ತಿದೆ.
ದಾಖಲೆ ಕೋಣೆಯಲ್ಲಿ ನಾಲ್ಕನೇ ದಿನ
ಗೆದ್ದಲು ತಿಂದು ಮಿಕ್ಕ ಸಮೀಕ್ಷೆಯ ವರದಿ, ಅನುಬಂಧ ಆರು:
ಊರು, ಡೆಡಿಮಿ.
ಕೋಕೊ ಮರ ನಲವತ್ತೊಂದು. ತಾಳೆ ಹದಿನೇಳು.
ಮಣ್ಣಿನ ಗೋಡೆ ಇಷ್ಟು ಅಡಿ.
ದೇವರ ಕಲ್ಲು ಒಂದು; ಬೆಲೆಯ ಕಡೆ ಬರೀ ಗೆರೆ.
ಊರಿನ ಹೆಸರು ತಪ್ಪು.
ಆದರೆ ಅಚ್ಚಾದ ತಪ್ಪು.
ಬಾಗಿಲ ಕಾವಲುಗಾರನಿಗೆ ಕಾಣದ ಹಾಗೆ
ಆ ಪುಟಕ್ಕೆ ಕೈ ಮುಗಿದೆ.

ಕಡ್ಡಿಗಳ ಲೆಕ್ಕ ಎಲ್ಲೂ ಇರಲಿಲ್ಲ.

ಈಗ ಅಲ್ಲೊಂದು ಸಣ್ಣ ವಾಕ್ಯವಿದೆ,
ಅದರ ಭುಜದ ಮೇಲೆ ನೊಣದಷ್ಟು ನೀಲಿ ಅಂಕಿ, ಹದಿನಾಲ್ಕು.
ಸೆಫಾಕೊರ್ ಫೋನಿನಲ್ಲಿ ಅಜ್ಜಿಗೆ ತೋರಿಸಿದಳು.
ಓದು ಬಾರದವಳು, ನೊಣವೆಂದೇ ತಿಳಿದಳೋ ಏನೋ,
ಬೆರಳಿನಿಂದ ಒತ್ತಿದಳು.
ಪುಟ ಸರ್ರನೆ ಜಾರಿತು. ಎತ್ತರ, ಉದ್ದ,
ಸಾಲ, ಗುಂಡಿ, ಎಲ್ಲ ದಾಟಿ
ತಳ ಮುಟ್ಟಿ ನಿಂತಿತು.

"ಹ್ಞಾಂ, ಅಲ್ಲೇ," ಎಂದಳು ಅಜ್ಜಿ,
"ಕೆಳಗೇ ಇರೋದು ನಮ್ಮೂರು."
ಫೋನು ವಾಪಸು ಕೊಟ್ಟು
ಮೀನು ಉಳಿದಿದೆಯಾ ಎಂದು ಕೇಳಿದಳು.