ಹಣ್ಣಿನ ತೂಕ

ಬಣಕಲ್ಲಿನ ಇಗರ್ಜಿಯ ಹಿಂದೆ, ಶೀಟಿನ ಮಾಡಿನ ಕೋಣೆಯಲ್ಲಿ
ಭಾನುವಾರ ಪೂಜೆ ಮುಗಿದ ಮೇಲೆ ಹದಿನಾಲ್ಕು ಮಕ್ಕಳಿಗೆ
ಧರ್ಮೋಪದೇಶ ಹೇಳುವವನು ನಾನು, ಲಾದ್ರು ರೈಟರ್.
ವಾರದ ಉಳಿದ ದಿನ ತೋಟದಲ್ಲಿ ಹಣ್ಣು ತೂಗುತ್ತೇನೆ.

ಅವತ್ತು ಆದಾಮನ ಪಾಠ. ಸವೇರಮ್ಮನ ಮೊಮ್ಮಗಳು ಪ್ರೆಸಿಲ್ಲಾ
ತುಟಿಗೆ ಅಂಟಿದ ಕಾಫಿಹಣ್ಣಿನ ಸಿಹಿ ನೆಕ್ಕುತ್ತ ಕೇಳಿದಳು:
"ತಿನ್ನಬಾರದ ಮರಕ್ಕೆ ದೇವರು ಬೇಲಿ ಯಾಕೆ ಹಾಕಲಿಲ್ಲ?"

ಮಕ್ಕಳು ನಕ್ಕರು. ನಗಲು ಕಾರಣವಿತ್ತು:
ನಮ್ಮಲ್ಲಿ ಬಾಳೆಗೂ ಬೇಲಿ, ಬಚ್ಚಲಿಗೂ ಬೇಲಿ,
ತೋಟದ ಸುತ್ತ ಕರೆಂಟಿನ ತಂತಿ, ಅದರಾಚೆ ಕಂದಕ.
ಆದರೂ ಆನೆ ಬರುತ್ತದೆ.
ಒಣಮರವೊಂದನ್ನು ತಂತಿಯ ಮೇಲೆ ಕೆಡವಿ, ದಾಟಿ,
ಬಾಳೆ ಮುರಿದು, ಲದ್ದಿ ಹಾಕಿ ಹೋಗುತ್ತದೆ.
ಅದಕ್ಕೆ ಪಾಪನಿವೇದನೆಯಿಲ್ಲ.
ಬೆಳಿಗ್ಗೆ ಗದ್ದೆಯಂಚಿನಲ್ಲಿ ಅದರ ಹೆಜ್ಜೆಗೆ ಇಳಿದು ನಿಂತ ನೀರು
ಯಾವ ನಾಚಿಕೆಯೂ ಇಲ್ಲದೆ ಆಕಾಶ ತೋರಿಸುತ್ತದೆ.

"ಸರ್ಪ ಬಂತು, ಮರುಳು ಮಾಡಿತು" ಎಂದು
ಪುಸ್ತಕದಲ್ಲಿದ್ದದ್ದನ್ನೇ ಓದಿದೆ.
ಅವಳು ಬಿಡಲಿಲ್ಲ: "ಸರ್ಪಕ್ಕೆ ಯಾರು ಹೇಳಿಕೊಟ್ಟರು?"
ಗಂಟೆ ಹೊಡೆಯಿತು. ಗಂಟೆಗೆ ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ.

ನನಗೆ ಗೊತ್ತಿದ್ದದ್ದು ಬೇರೆ.
ಮೂರು ವರ್ಷದ ಹಿಂದೆ, ರೊಬಸ್ಟಾ ಕೊಯ್ಲಿನ ಮೊದಲ ಸಂಜೆ,
ತಕ್ಕಡಿಯ ಹಲಗೆಯಡಿಗೆ
ನನ್ನ ಬೂಟಿನ ತುದಿ ತಾನಾಗಿ ಸೇರಿತ್ತು.
ತಾನಾಗಿ ಅಂದೆನೇ? ನೋಡಿ, ಈಗಲೂ.
ನಾನು ಸೇರಿಸಿದೆ.
ಕೊಂಚ ಎತ್ತಿದೆ. ಸೂಜಿ ನಲವತ್ತೆರಡರಿಂದ ನಲವತ್ತಕ್ಕೆ ಇಳಿಯಿತು.
ಧಣಿ ಹೇಳಿರಲಿಲ್ಲ. ಮನೆಯಲ್ಲಿ ಹಸಿವಿರಲಿಲ್ಲ.
ಉಳಿದ ಕಾಸು ನನ್ನ ಜೇಬಿಗೂ ಬರುತ್ತಿರಲಿಲ್ಲ.
ಸೂಜಿ ನನ್ನ ಮಾತು ಕೇಳಿತು, ಅಷ್ಟೇ.
ಕೇಳಿದ್ದು ರುಚಿಸಿತು.
ಸರ್ಪವನ್ನು ಎಷ್ಟು ಹುಡುಕಿದರೂ
ಅಲ್ಲಿದ್ದದ್ದು ಒಂದು ಜೊತೆ ಬೂಟು,
ಬಲಗಾಲಿನದಕ್ಕೆ ಲೇಸು ಇರಲಿಲ್ಲ.

ಜನ್ಮಪಾಪ ಅನ್ನುತ್ತೇವೆ. ಅಪ್ಪನ ಮೂಗು ಬಂದ ಹಾಗೆ ಬಂದದ್ದು,
ಹಣೆಗೆ ನೀರು ಬೀಳುವ ಮೊದಲೇ ಮೈಯಲ್ಲಿದ್ದದ್ದು.
ಇರಬಹುದು. ಇಳಿಜಾರಿನಲ್ಲೇ ಹುಟ್ಟಿದೆವು, ಒಪ್ಪುತ್ತೇನೆ.
ಆದರೆ ಸೂಜಿ ನಡುಗಿ ನಿಲ್ಲುವುದಕ್ಕೆ
ಒಂದು ಉಸಿರಿನಷ್ಟು ಹೊತ್ತು ಬೇಕು.
ಆ ಉಸಿರು ಆದಾಮನದಲ್ಲ.
ಅಲ್ಲಿ ಬೇಲಿಯಿಲ್ಲ. ಹಾಕಬಹುದಿತ್ತು ದೇವರು;
ಹಾಕಿದ್ದರೆ ನನ್ನದು ಆನೆಯ ಕಾಲಾಗಿರುತ್ತಿತ್ತು,
ಸವೇರಮ್ಮನಿಗೆ ಸರಿಯಾದ ಕೂಲಿ ಸಿಗುತ್ತಿತ್ತು,
ಕೊಟ್ಟವರು ಯಾರೂ ಇರುತ್ತಿರಲಿಲ್ಲ.

ಸೋಮವಾರ ಸಂಜೆ ಕಾಲು ಹಿಂದಕ್ಕಿಟ್ಟೆ.
ಸವೇರಮ್ಮ ಮೂಟೆ ಇಳಿಸಿದಳು. ನಲವತ್ತಮೂರೂವರೆ.
ಖುಷಿಪಡುತ್ತಾಳೆ ಅಂದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ
ಸೂಜಿಯನ್ನು, ನನ್ನನ್ನು, ಮತ್ತೆ ಸೂಜಿಯನ್ನು ನೋಡಿದಳು.
"ರೈಟ್ರೇ, ತಕ್ಕಡಿ ಕೆಟ್ಟಿದೆಯಾ?"

ಅವನು ಹೆಂಡತಿಯ ಕಡೆ ಬೆರಳು ಮಾಡಿದ, ಅವಳು ಸರ್ಪದ ಕಡೆ.
ಸರ್ಪಕ್ಕೆ ಬೆರಳಿರಲಿಲ್ಲ.
ನನಗೆ ಹತ್ತಿದ್ದವು, ಒಂದನ್ನೂ ಎದೆಗೆ ತಿರುಗಿಸಲಿಲ್ಲ.
ಬಾಯಿ ಹೇಳಿತು,
ಅಲ್ಲ, ನಾನು ಹೇಳಿದೆ:
"ಕೆಟ್ಟಿತ್ತು ಕಣಮ್ಮ. ನಿನ್ನೆ ರಿಪೇರಿ ಮಾಡಿಸಿದೆ."

ಅವಳು ತಲೆಯಾಡಿಸಿದಳು. ಖಾಲಿ ಚೀಲ ಕೊಡವಿದಳು.
ಒಂದೇ ಒಂದು ಹಣ್ಣು, ಚೆನ್ನಾಗಿ ಕಳಿತದ್ದು, ಉರುಳುತ್ತ ಬಂದು
ನನ್ನ ಬೂಟಿನ ಪಕ್ಕ ನಿಂತಿತು.
ಸಾಲು ದೊಡ್ಡದಿತ್ತು, ಕತ್ತಲಾಗುತ್ತಿತ್ತು.
ಅವಳು ಇನ್ನೂ ಹೋಗಿರಲಿಲ್ಲ,
ಹೆಗಲಿನ ಟವೆಲು ಸರಿಮಾಡಿಕೊಳ್ಳುತ್ತಿದ್ದಳು,
ಕೂಗಿದರೆ ಕೇಳುವಷ್ಟೇ ದೂರದಲ್ಲಿ.