ಒಂದು ಇಂಟು, ಮೂರು ಇಂಟು

"ಹುಚ್ಚರಾಯಪ್ಪ, ಐವತ್ಮೂರು, ಬಲತೊಡೆ" ಎಂದು ಕೂಗಿದಳು ಹುಡುಗಿ.
ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಪಂಚೆ ಸರಿಸಿ ಮಲಗಿದೆ.
ದುರ್ಗಿಗುಡಿಯ ಮೊದಲ ಮಹಡಿ, ಎ.ಸಿ. ಚಳಿ,
ಕೆಳಗೆ ಯಾರೋ ಸ್ಕೂಟರಿಗೆ ಒದೆಯುತ್ತಲೇ ಇದ್ದಾರೆ.
ಡಾಕ್ಟರ್ ನಿಖತ್ ಲೋಳೆ ಹಚ್ಚುತ್ತಾ ತಣ್ಣಗಿದೆ ಅನ್ನುತ್ತಾರೆ,
ಪ್ರತಿ ಸಲವೂ, ಅದು ತಮ್ಮದೇ ತಪ್ಪೆಂಬಂತೆ.
ಅವರಿಗೆ ನಾನು ಹೇಳಿಲ್ಲ,
ಈ ಕೆಲಸ ನನಗೆ ಗೊತ್ತು.

ಇಪ್ಪತ್ತಾರು ವರ್ಷ ಕುಂಸಿಯಿಂದ ಅರಸಾಳಿನವರೆಗೆ
ಹಳಿಯ ಜೊತೆ ನಡೆದವನು, ಕೀಮನ್.
ಹೆಗಲಿಗೆ ಸುತ್ತಿಗೆ, ಚೀಲದಲ್ಲಿ ಎರಡು ಬಾವುಟ.
ಏಟಿನ ಸದ್ದಲ್ಲೇ ತಿಳಿಯುತ್ತಿತ್ತು, ಬಿಗಿಯೋ ಸಡಿಲೋ.
ಆದರೆ ಹಳಿಯ ಹೊಟ್ಟೆಯೊಳಗಿನ ಬಿರುಕಿಗೆ
ನನ್ನ ಸುತ್ತಿಗೆ ಕಿವುಡು.

ಅದಕ್ಕೆಂದೇ ಬರುತ್ತಿದ್ದ ಮೈಸೂರಿನಿಂದ ಸೆಲ್ವರಾಜು,
ಹಳಿಯ ಮೇಲೊಂದು ಪುಟ್ಟ ತಳ್ಳುಗಾಡಿ.
ಮುಂದೆ ನೀರು ಸುರಿಯುವ ಕೆಲಸ ನನ್ನದು.
"ನೀರಿಲ್ದೆ ಶಬ್ದ ಒಳಕ್ಕೆ ಇಳಿಯಲ್ಲ,
ಗಾಳಿ ಅದನ್ನ ಬಾಗಿಲಲ್ಲೇ ತಡೀತದೆ" ಅಂದಿದ್ದ.
ಬಾವಲಿಗೆ ಮಾತ್ರ ಕೇಳುವಂಥ ಶಬ್ದ.
ಅದು ಒಳಹೋಗಿ, ಏನಕ್ಕೋ ತಾಗಿ, ಮರಳಿ ಬಂದು
ಪರದೆಯಲ್ಲಿ ಗೆರೆಯೊಂದು ಪುಟಿದರೆ
ಕೆಂಪು ಬಣ್ಣದ ಡಬ್ಬಿ ತೆರೆಯುತ್ತಿದ್ದ.
ಒಂದು ಇಂಟು: ಕಣ್ಣಿಟ್ಟಿರು.
ಮೂರು ಇಂಟು: ತಕ್ಷಣ ತೆಗೆ.

ನನ್ನ ತೊಡೆಗೆ ಬಿದ್ದದ್ದು ಮೂರು.
ನಿಂಬೆಯಷ್ಟಿದ್ದಾಗ ಸುತ್ತಿಗೆ ತಾಗಿದ ಬಾವು ಅಂದುಕೊಂಡೆ,
ಬದನೆಯಷ್ಟಾದಾಗ ಹಾಲಮ್ಮ ಬೈದಳು.
ಮಣಿಪಾಲದಲ್ಲಿ, ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆದರು.
ನನಗದು ಅರ್ಥವಾಯಿತು. ಹಳಿಯಲ್ಲೂ
ಬಿರುಕಿನ ಗೆರೆಗೇ ಕೊಯ್ಯುವುದಿಲ್ಲ ಯಾರೂ,
ಆಚೀಚೆ ಗಟ್ಟಿ ಉಕ್ಕು ಸಿಗುವವರೆಗೆ ಹೋಗಿ ಕೊಯ್ದು
ಬೇರೆ ತುಂಡು ಕೂರಿಸಿ ಬೆಸೆಯುತ್ತಾರೆ.
ಆಮೇಲೆ ನಾನು ಮೊದಲು ಬಗ್ಗಿ ನೋಡುತ್ತಿದ್ದದ್ದು
ಆ ಬೆಸುಗೆಯನ್ನೇ.
ಇದನ್ನು ಹಾಲಮ್ಮನಿಗೆ ಹೇಳಿಲ್ಲ.

ಪರದೆಯಲ್ಲಿ ನನ್ನ ತೊಡೆ: ಬೂದು ಉಸುಕು,
ಅಡ್ಡಡ್ಡ ಬಿಳಿ ಎಳೆ.
ಗಾಯದ ಕಲೆ ಕೆಳಕ್ಕೆ ನೆರಳು ಚೆಲ್ಲುತ್ತದೆ.
ನೆರಳಿನಲ್ಲಿ ಏನಿದ್ದರೂ ಕಾಣದು, ಅದಕ್ಕೇ
ಓರೆಯಾಗಿ, ಪಕ್ಕದಿಂದ ಇಣುಕುತ್ತಾರೆ.

ಕೈ ನಿಂತಿತು.

ಹೀಗೆ ನಿಲ್ಲುವ ಕೈ ನನಗೆ ಗೊತ್ತು.
ಸೆಲ್ವರಾಜುವೂ ಮಾತು ಅರ್ಧಕ್ಕೆ ಬಿಟ್ಟು
ಗಾಡಿ ಹಿಂದಕ್ಕೆಳೆಯುತ್ತಿದ್ದ, "ಇನ್ನೊಸಿ ನೀರು."

"ಇನ್ನೊಂಚೂರು ಜೆಲ್" ಅಂದರು ಡಾಕ್ಟರು.

ಒಂದು ಕಪ್ಪು ಕಾಳು, ಉದ್ದಿನಷ್ಟು.
ಎರಡು ಚುಕ್ಕಿ ಇಟ್ಟು ಅಳೆದರು, ಆರು ಮಿಲಿಮೀಟರ್.
ಒತ್ತಿದರು. ನೀರಾದರೆ ತಗ್ಗಬೇಕು.
ತಗ್ಗಿತೋ, ನನಗೇ ಹಾಗನ್ನಿಸಿತೋ.
ಬಣ್ಣ ಹಾಕಿದರು. ಪಕ್ಕದ ನಾಳದಲ್ಲಿ ಕೆಂಪು, ನೀಲಿ.
ಕೆಂಪೆಂದರೆ ಇಲ್ಲಿ ನಿಲ್ಲು ಎಂದಲ್ಲವಂತೆ,
ರಕ್ತ ಇತ್ತ ಬರುತ್ತಿದೆ ಎಂದಂತೆ.
ಕಾಳಿನೊಳಕ್ಕೆ ಬಣ್ಣ ಹೊಕ್ಕರೆ, ಅದು ಉಣ್ಣುತ್ತಿದೆ.
ಉಸಿರು ಹಿಡಿದೆ, ಅವರು ಹೇಳದಿದ್ದರೂ.
ಹೊಕ್ಕಲಿಲ್ಲ. ಅಂಚಿನಲ್ಲೊಂದು ಕಿಡಿ ಮಿನುಗಿ ಆರಿತು,
ತೊಡೆ ನಡುಗಿದ್ದಕ್ಕೂ ಹಾಗಾಗುತ್ತದಂತೆ.

"ಹೊಲಿಗೆ ದಾರದ ಗಂಟಿರಬಹುದು. ಹಳೇ ರಕ್ತ ಇರಬಹುದು.
ಅದೇ ಮತ್ತೆ ಬಂದಿರಲೂಬಹುದು, ಸುಳ್ಳು ಹೇಳಲ್ಲ.
ಆರು ವಾರ ಬಿಟ್ಟು ಬನ್ನಿ. ಬೆಳೆದಿದ್ರೆ ಸೂಜಿ ಹಾಕಿ ನೋಡೋಣ."

"ಅಂದ್ರೆ ಒಂದು ಇಂಟು" ಅಂದೆ.
"ಏನು?"
"ಏನಿಲ್ಲ ಮೇಡಂ."

ಒರೆಸಿಕೊಳ್ಳಲು ಕೊಟ್ಟ ಕಾಗದ ಸಾಲಲಿಲ್ಲ,
ಪಂಚೆ ತೊಡೆಗೆ ಅಂಟಿತು.
ಬೆಂಚಿನ ಮೇಲಿದ್ದ ಹಾಲಮ್ಮ ಏನೂ ಕೇಳದೆ
ನನ್ನ ಮುಖ ಓದಿದಳು, ಬಸ್ಸಿನ ಬೋರ್ಡಿನಂತೆ.

ಒಂದು ಇಂಟು ಬಿದ್ದ ಹಳಿಯ ಮೇಲೆ ರೈಲು ನಿಲ್ಲುವುದಿಲ್ಲ.
ತಾಳಗುಪ್ಪದ ಗಾಡಿಯಲ್ಲಿ ಮಲಗಿದವರು
ಮಗ್ಗುಲು ಬದಲಿಸುವುದೂ ಇಲ್ಲ.
ಅರಸಾಳಿನ ತಿರುವಿನಲ್ಲಿ ಒಂದನ್ನು ಒಂಬತ್ತು ವರ್ಷ ನೋಡಿದೆ,
ಬಣ್ಣ ಮಾಸಿತು, ಬಿರುಕು ಕದಲಲಿಲ್ಲ.
ಇನ್ನೊಂದನ್ನು ಹದಿನೈದೇ ದಿನಕ್ಕೆ ತೆಗೆಸಿದ್ದೆ.
ಯಾವುದನ್ನು ಹೇಳಲಿ ಎಂದು ಮೆಟ್ಟಿಲು ಇಳಿಯುತ್ತ ಯೋಚಿಸಿದೆ,
ಕೊನೆಗೆ ಎರಡನ್ನೂ ಹೇಳಿದೆ.

ಹಾಲಮ್ಮ ಬೆರಳು ಮಡಿಸುತ್ತಿದ್ದಳು.
"ಆರು ವಾರ ಅಂದ್ರೆ
ಯಾವ ತಾರೀಕು ಬೀಳ್ತದೆ?"